ಒಂದೇ ಅಪರಾಧ, ಬೇರೆ ಬೇರೆ ಶಿಕ್ಷೆ: ಮೇಲ್ಮನವಿಯಲ್ಲಿ ಸಜೆ ಯಾಕೆ ಬದಲಾಗುತ್ತದೆ?

1988ರ ಡಿಸೆಂಬರ್ 27. ಪಂಜಾಬಿನ ಪಟಿಯಾಲ. ರಸ್ತೆಯಲ್ಲಿ ಕಾರು ನಿಲ್ಲಿಸಿದ ವಿಚಾರಕ್ಕೆ ಜಗಳವಾಯಿತು. 25 ವರ್ಷದ ಯುವಕನೊಬ್ಬ 65 ವರ್ಷದ ಹಿರಿಯರೊಬ್ಬರಿಗೆ ಕೈಯಿಂದ ಹೊಡೆದ. ಅವರು ತೀರಿಕೊಂಡರು. ಆ ಯುವಕ ಆಗಲೇ ಭಾರತ ತಂಡದಲ್ಲಿ ಆಡಿದ್ದ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು.

ಈ ಪ್ರಕರಣ ನ್ಯಾಯಾಲಯಗಳ ಮೆಟ್ಟಿಲು ಹತ್ತಿದ ಬಗೆ ನೋಡಿ. 1999ರಲ್ಲಿ ಕೆಳ ನ್ಯಾಯಾಲಯ ಸಿಧು ಅವರನ್ನು ಖುಲಾಸೆ ಮಾಡಿತು. 2006ರಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿ, ಕೊಲೆಯಲ್ಲದ ನರಹತ್ಯೆ ಎಂದು ತೀರ್ಮಾನಿಸಿ 3 ವರ್ಷ ಸಜೆ ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಬದಿಗಿಟ್ಟು, ಇದು ಕೇವಲ ಹೊಡೆದು ಗಾಯಪಡಿಸಿದ ಅಪರಾಧ ಎಂದು ಹೇಳಿ 1,000 ರೂಪಾಯಿ ದಂಡ ಹಾಕಿತು. 2022ರಲ್ಲಿ, ಮೃತರ ಕುಟುಂಬದ ಪುನರ್‌ಪರಿಶೀಲನಾ ಅರ್ಜಿಯ ಮೇಲೆ ಅದೇ ಸುಪ್ರೀಂ ಕೋರ್ಟ್ 1 ವರ್ಷದ ಕಠಿಣ ಸಜೆ ವಿಧಿಸಿತು.

ಘಟನೆ ಒಂದೇ, ಉತ್ತರ ನಾಲ್ಕು. ಇಂಥ ಸುದ್ದಿ ಓದಿದಾಗಲೆಲ್ಲ ನಮ್ಮಲ್ಲಿ ಎರಡು ಮಾತು ಏಳುತ್ತವೆ. ಒಂದು, "ದುಡ್ಡಿದ್ದವರಿಗೆ ಮೇಲಿನ ಕೋರ್ಟಿನಲ್ಲಿ ಎಲ್ಲವೂ ಆಗುತ್ತದೆ". ಇನ್ನೊಂದು, "ನ್ಯಾಯಾಧೀಶರು ತಮಗೆ ತೋಚಿದಷ್ಟು ಶಿಕ್ಷೆ ಕೊಡುತ್ತಾರೆ". ಎರಡರಲ್ಲೂ ಸ್ವಲ್ಪ ಸತ್ಯವಿದೆ, ಸಾಕಷ್ಟು ತಪ್ಪು ತಿಳಿವಳಿಕೆಯೂ ಇದೆ. ಶಿಕ್ಷೆಯ ಪ್ರಮಾಣವನ್ನು ಯಾರು, ಯಾವ ಮಿತಿಯೊಳಗೆ, ಯಾವ ಕಾರಣಕ್ಕೆ ಬದಲಿಸಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಎರಡು ಪ್ರಶ್ನೆಗಳು, ಎರಡು ಉತ್ತರಗಳು

ಕ್ರಿಮಿನಲ್ ಪ್ರಕರಣದಲ್ಲಿ ನ್ಯಾಯಾಲಯ ಉತ್ತರಿಸಬೇಕಾದ ಪ್ರಶ್ನೆಗಳು ಎರಡು. ಮೊದಲನೆಯದು, ಈ ವ್ಯಕ್ತಿ ತಪ್ಪು ಮಾಡಿದ್ದಾನೆಯೇ? ಇದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಮಾತ್ರ ಸಾಧ್ಯ. ಎರಡನೆಯದು, ಮಾಡಿದ್ದರೆ ಎಷ್ಟು ಶಿಕ್ಷೆ? ಇದಕ್ಕೆ ಒಂದೇ ಉತ್ತರವಿಲ್ಲ. ಏಕೆಂದರೆ ಕಾನೂನು ಹೆಚ್ಚಿನ ಅಪರಾಧಗಳಿಗೆ ಒಂದು ನಿರ್ದಿಷ್ಟ ಸಂಖ್ಯೆಯನ್ನು ಹೇಳುವುದಿಲ್ಲ, ಒಂದು ವ್ಯಾಪ್ತಿಯನ್ನು ಹೇಳುತ್ತದೆ.

ಕಳ್ಳತನವನ್ನೇ ತೆಗೆದುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಸಾಧಾರಣ ಕಳ್ಳತನಕ್ಕೆ 3 ವರ್ಷದವರೆಗೆ ಸಜೆ ಇದೆ. "ವರೆಗೆ" ಎಂಬ ಆ ಒಂದು ಪದದಲ್ಲೇ ನ್ಯಾಯಾಧೀಶರ ವಿವೇಚನೆ ಅಡಗಿದೆ. ಹಸಿದ ಮಗುವಿಗಾಗಿ ಹಾಲಿನ ಪುಡಿ ಎತ್ತಿಕೊಂಡು ಹೋದವಳೂ ಕಳ್ಳಿ, ಹಬ್ಬದ ಸಂತೆಯಲ್ಲಿ ದಿನಕ್ಕೆ ಹತ್ತು ಜೇಬು ಕತ್ತರಿಸುವವನೂ ಕಳ್ಳ. ಇಬ್ಬರಿಗೂ ಒಂದೇ ಶಿಕ್ಷೆ ಕೊಟ್ಟರೆ ಅದನ್ನು ಸಮಾನತೆ ಎನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಹೊಸ ಸಂಹಿತೆ ಈ ವ್ಯತ್ಯಾಸವನ್ನು ತಾನೇ ಒಂದಿಷ್ಟು ಗುರುತಿಸಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ ಸಾಕು ಎನ್ನುತ್ತದೆ.

ಈ ಎರಡನೇ ಪ್ರಶ್ನೆಗೆ ಪ್ರತ್ಯೇಕ ವಿಚಾರಣೆ ಇರಬೇಕೆಂಬುದನ್ನು 1973ರ ದಂಡ ಪ್ರಕ್ರಿಯಾ ಸಂಹಿತೆ ನಮ್ಮಲ್ಲಿ ತಂದಿತು. ಗಂಭೀರ ಪ್ರಕರಣಗಳಲ್ಲಿ ತಪ್ಪಿತಸ್ಥ ಎಂದು ಘೋಷಿಸಿದ ಮೇಲೆ, ಶಿಕ್ಷೆಯ ಪ್ರಮಾಣದ ಬಗ್ಗೆ ಅವನ ಮಾತನ್ನು ಕೇಳಬೇಕು. ಮನೆಯ ಸ್ಥಿತಿ, ವಯಸ್ಸು, ಹಿಂದಿನ ನಡತೆ, ಮಾನಸಿಕ ಆರೋಗ್ಯ ಎಲ್ಲವನ್ನೂ ಅಲ್ಲಿ ಹೇಳಿಕೊಳ್ಳಬಹುದು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ನಿಯಮ ಮುಂದುವರಿದಿದೆ. "ಇಂದು ತೀರ್ಪು, ಶಿಕ್ಷೆಯ ಪ್ರಮಾಣ ಸೋಮವಾರ" ಎಂದು ಟಿವಿಯಲ್ಲಿ ಬರುವುದು ಇದೇ ಕಾರಣಕ್ಕೆ.

"ಮೇಲ್ಮನವಿ ಹಾಕಿದರೆ ಶಿಕ್ಷೆ ಇನ್ನೂ ಹೆಚ್ಚಬಹುದು"

ಇದು ಜೈಲಿನಲ್ಲಿರುವವರ ಮನೆಯವರಲ್ಲಿ ಸಾಮಾನ್ಯವಾಗಿ ಕಾಣುವ ಭಯ. 5 ವರ್ಷವಾಗಿದೆ, ಸುಮ್ಮನೆ ಮೇಲೆ ಹೋಗಿ 10 ಮಾಡಿಸಿಕೊಳ್ಳುವುದೇಕೆ ಎಂದು ಮೇಲ್ಮನವಿಯನ್ನೇ ಬಿಟ್ಟುಬಿಡುವವರಿದ್ದಾರೆ. ಈ ಭಯಕ್ಕೆ ಆಧಾರವಿಲ್ಲ.

ಶಿಕ್ಷೆಯಾದವನು ತಾನೇ ಮೇಲ್ಮನವಿ ಸಲ್ಲಿಸಿದರೆ, ಮೇಲಿನ ನ್ಯಾಯಾಲಯ ಅವನನ್ನು ಖುಲಾಸೆ ಮಾಡಬಹುದು, ಮರುವಿಚಾರಣೆಗೆ ಕಳಿಸಬಹುದು, ಅಪರಾಧದ ಕಲಂ ಬದಲಿಸಬಹುದು, ಶಿಕ್ಷೆಯನ್ನು ಇಳಿಸಬಹುದು. ಆದರೆ ಆ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ಹಳೆಯ ಸಂಹಿತೆಯ 386ನೇ ಕಲಂನಲ್ಲಿದ್ದ ಈ ನಿಯಮ ಹೊಸ ಸಂಹಿತೆಯ 427ನೇ ಕಲಂನಲ್ಲಿ ಹಾಗೆಯೇ ಇದೆ.

2025ರಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದನ್ನು ಮತ್ತಷ್ಟು ಬಿಗಿಯಾಗಿ ಹೇಳಿತು. ಆರೋಪಿ ಸಲ್ಲಿಸಿದ ಮೇಲ್ಮನವಿಯನ್ನು ಕೇಳುತ್ತ ಹೈಕೋರ್ಟ್ ತನ್ನದೇ ಪುನರೀಕ್ಷಣಾ ಅಧಿಕಾರ ಬಳಸಿ, ಕೆಳ ನ್ಯಾಯಾಲಯ ಖುಲಾಸೆ ಮಾಡಿದ್ದ ಆರೋಪಕ್ಕೂ ಅವನನ್ನು ತಪ್ಪಿತಸ್ಥನನ್ನಾಗಿಸಿ ಶಿಕ್ಷೆ ಹೆಚ್ಚಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ನ್ಯಾಯ ಕೇಳಿ ಬಾಗಿಲು ತಟ್ಟಿದವನು ಹಾಗೆ ತಟ್ಟಿದ ಕಾರಣಕ್ಕೇ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬೀಳಬಾರದು ಎಂಬುದು ಇದರ ತಿರುಳು.

ಹಾಗಾದರೆ ಶಿಕ್ಷೆ ಹೆಚ್ಚುವುದು ಯಾವಾಗ? ಸರ್ಕಾರ, ಅಂದರೆ ಪ್ರಾಸಿಕ್ಯೂಷನ್, "ಈ ಶಿಕ್ಷೆ ಸಾಲದು" ಎಂದು ಪ್ರತ್ಯೇಕ ಮೇಲ್ಮನವಿ ಸಲ್ಲಿಸಿದಾಗ. ಆಗಲೂ ಆರೋಪಿಗೆ ತನ್ನ ಮಾತು ಹೇಳುವ ಅವಕಾಶ ಕೊಡಬೇಕು. ಆ ವಿಚಾರಣೆಯಲ್ಲಿ ಅವನು "ನಾನು ತಪ್ಪೇ ಮಾಡಿಲ್ಲ" ಎಂದು ವಾದಿಸಿ ಖುಲಾಸೆಯನ್ನೂ ಕೇಳಬಹುದು.

ಸಂತ್ರಸ್ತರ ಸ್ಥಾನ ಇಲ್ಲಿ ಸ್ವಲ್ಪ ವಿಚಿತ್ರ. 2009ರ ತಿದ್ದುಪಡಿ ಅವರಿಗೆ ಮೇಲ್ಮನವಿಯ ಹಕ್ಕು ಕೊಟ್ಟಿತು. ಆದರೆ ಅದು ಮೂರು ಸಂದರ್ಭಗಳಿಗೆ ಮಾತ್ರ: ಆರೋಪಿ ಖುಲಾಸೆಯಾದಾಗ, ಕಡಿಮೆ ಗಂಭೀರ ಅಪರಾಧಕ್ಕೆ ತಪ್ಪಿತಸ್ಥನಾದಾಗ, ಪರಿಹಾರದ ಹಣ ಸಾಲದಾದಾಗ. ಶಿಕ್ಷೆಯ ವರ್ಷಗಳು ಕಡಿಮೆಯಾದವು ಎಂಬ ಒಂದೇ ಕಾರಣಕ್ಕೆ ಅವರು ಮೇಲ್ಮನವಿ ಸಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮಗನನ್ನು ಕಳೆದುಕೊಂಡ ತಾಯಿ ಹೆಚ್ಚಿನ ಶಿಕ್ಷೆಗಾಗಿ ಸರ್ಕಾರಿ ವಕೀಲರ ಕಡೆಗೇ ನೋಡಬೇಕು. ಸರ್ಕಾರ ಸುಮ್ಮನಿದ್ದರೆ ಆ ದಾರಿ ಮುಚ್ಚಿದಂತೆಯೇ.

ಇದರ ಜೊತೆಗೆ ಇನ್ನೊಂದು ತಪ್ಪು ಕಲ್ಪನೆಯನ್ನೂ ಹೇಳಿಬಿಡೋಣ. ಮೇಲ್ಮನವಿ ಸಲ್ಲಿಸಿದ ಕೂಡಲೇ ಶಿಕ್ಷೆ ತಾನಾಗಿ ನಿಲ್ಲುವುದಿಲ್ಲ. ಶಿಕ್ಷೆಯನ್ನು ಅಮಾನತಿನಲ್ಲಿಡಿ ಎಂದು ಬೇರೆ ಅರ್ಜಿ ಕೊಡಬೇಕು. ನ್ಯಾಯಾಲಯ ಒಪ್ಪಿದರೆ ಮಾತ್ರ ಜಾಮೀನು. ಮರಣದಂಡನೆಯ ವಿಷಯ ಬೇರೆ. ಸೆಷನ್ಸ್ ಕೋರ್ಟ್ ಮರಣದಂಡನೆ ವಿಧಿಸಿದರೆ, ಆರೋಪಿ ಮೇಲ್ಮನವಿ ಹಾಕಲಿ ಬಿಡಲಿ, ಕಡತ ಹೈಕೋರ್ಟಿಗೆ ಹೋಗಲೇಬೇಕು. ಹೈಕೋರ್ಟ್ ದೃಢಪಡಿಸದೆ ಅದು ಜಾರಿಯಾಗುವುದಿಲ್ಲ.

"ಮೇಲಿನ ಕೋರ್ಟ್ ತನಗೆ ಸರಿ ಕಂಡಂತೆ ಬದಲಿಸುತ್ತದೆ"

ಮೇಲ್ಮನವಿ ನ್ಯಾಯಾಲಯದ ಪ್ರಶ್ನೆ "ನಾನಾಗಿದ್ದರೆ ಎಷ್ಟು ಕೊಡುತ್ತಿದ್ದೆ?" ಎಂಬುದಲ್ಲ. "ಕೆಳಗಿನವರು ಕೊಟ್ಟದ್ದರಲ್ಲಿ ಏನಾದರೂ ತಪ್ಪಿದೆಯೇ?" ಎಂಬುದು. ಪರೀಕ್ಷೆಯ ಉತ್ತರಪತ್ರಿಕೆಯ ಮರುಮೌಲ್ಯಮಾಪನದಂತೆ ಎಂದುಕೊಳ್ಳಿ. ಎರಡನೆಯವರಿಗೆ ಒಂದೆರಡು ಅಂಕ ಹೆಚ್ಚುಕಡಿಮೆ ಅನಿಸಿತು ಎಂದು ಎಲ್ಲ ಅಂಕಪಟ್ಟಿಗಳನ್ನೂ ತಿದ್ದುತ್ತ ಕೂತರೆ ವ್ಯವಸ್ಥೆ ನಡೆಯದು. ಕೂಡಿಸುವುದರಲ್ಲಿ ತಪ್ಪಾಗಿದೆಯೇ, ಒಂದು ಉತ್ತರವನ್ನು ನೋಡದೇ ಬಿಟ್ಟಿದ್ದಾರೆಯೇ, ಕೊಟ್ಟ ಅಂಕ ಉತ್ತರಕ್ಕೆ ತೀರ ಹೊಂದದಂತಿದೆಯೇ ಎಂದು ನೋಡಬೇಕು.

ಶಿಕ್ಷೆಯ ವಿಷಯದಲ್ಲಿ ಅಂಥ ತಪ್ಪುಗಳು ಸಾಮಾನ್ಯವಾಗಿ ನಾಲ್ಕು ಬಗೆಯವು. ಪರಿಗಣಿಸಲೇಬೇಕಾದ ಅಂಶವನ್ನು ಬಿಟ್ಟಿರುವುದು. ಪರಿಗಣಿಸಬಾರದ ಅಂಶಕ್ಕೆ ತೂಕ ಕೊಟ್ಟಿರುವುದು. ಒಂದೇ ಅಪರಾಧದಲ್ಲಿ ಒಂದೇ ಪಾತ್ರ ವಹಿಸಿದ ಇಬ್ಬರಿಗೆ ಕಾರಣವಿಲ್ಲದೆ ಬೇರೆ ಬೇರೆ ಶಿಕ್ಷೆ ಕೊಟ್ಟಿರುವುದು. ಕೊನೆಯದಾಗಿ, ಅಪರಾಧದ ಗಾತ್ರಕ್ಕೂ ಶಿಕ್ಷೆಯ ಗಾತ್ರಕ್ಕೂ ಹೊಂದಿಕೆಯೇ ಇಲ್ಲದಿರುವುದು.

ಪಟಿಯಾಲದ ಪ್ರಕರಣ ಮೊದಲ ಬಗೆಯದು. 2018ರಲ್ಲಿ ಸುಪ್ರೀಂ ಕೋರ್ಟ್ 1,000 ರೂಪಾಯಿ ದಂಡ ಸಾಕು ಎಂದಾಗ ಘಟನೆ 30 ವರ್ಷ ಹಳೆಯದು, ಹಳೆಯ ದ್ವೇಷವಿರಲಿಲ್ಲ, ಆಯುಧ ಬಳಸಿಲ್ಲ ಎಂಬುದನ್ನು ನೋಡಿತ್ತು. 2022ರಲ್ಲಿ ಅದೇ ನ್ಯಾಯಾಲಯ, ಹೊಡೆದವನು ದೃಢಕಾಯದ ಅಂತರರಾಷ್ಟ್ರೀಯ ಆಟಗಾರ, ಹೊಡೆಸಿಕೊಂಡವರು ಅವನ ಎರಡು ಪಟ್ಟು ಮೀರಿದ ವಯಸ್ಸಿನವರು ಎಂಬುದನ್ನು ತಾನು ಗಮನಿಸದೇ ಹೋಯಿತು ಎಂದು ಒಪ್ಪಿಕೊಂಡಿತು. ಅಂಥವನ ಕೈಯೂ ಆಯುಧವಾಗಬಲ್ಲದು. ಅಪರಾಧದ ಕಲಂ ಬದಲಾಗಲಿಲ್ಲ. ಆ ಕಲಂನಲ್ಲಿದ್ದ ಗರಿಷ್ಠ ಸಜೆಯೇ 1 ವರ್ಷ. ಅದನ್ನೇ ಕೊಟ್ಟಿತು. ಅಂದರೆ 2018 ಮತ್ತು 2022ರ ನಡುವೆ ಬದಲಾದದ್ದು ವಿವೇಚನೆ ಮಾತ್ರ, ಅದೂ ಕಾನೂನಿನ ಗೆರೆಯೊಳಗೇ.

ಈ ಗೆರೆಯನ್ನು ಶಾಸನಸಭೆ ಬಿಗಿಗೊಳಿಸಲೂಬಹುದು. ಅತ್ಯಾಚಾರ ಪ್ರಕರಣಗಳಲ್ಲಿ ಹಿಂದೆ "ಸಾಕಷ್ಟು ಮತ್ತು ವಿಶೇಷ ಕಾರಣ"ಗಳಿದ್ದರೆ ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಡುವ ಅವಕಾಶ ನ್ಯಾಯಾಧೀಶರಿಗಿತ್ತು. 2013ರ ತಿದ್ದುಪಡಿ ಅದನ್ನು ತೆಗೆದುಹಾಕಿತು. 2018ರಲ್ಲಿ ಕನಿಷ್ಠ ಸಜೆಯೇ 7ರಿಂದ 10 ವರ್ಷಕ್ಕೆ ಏರಿತು. ಹೀಗೆ ಕನಿಷ್ಠ ಶಿಕ್ಷೆ ನಿಗದಿಯಾದ ಕಡೆ, ಆರೋಪಿಯ ಪರಿಸ್ಥಿತಿ ಎಷ್ಟೇ ಮರುಕ ಹುಟ್ಟಿಸಿದರೂ ನ್ಯಾಯಾಲಯ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ.

ಎರಡು ಕಾರುಗಳು, ಒಂದು ವರ್ಷ

ಗೆರೆಯೊಳಗೇ ಇದ್ದರೂ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2012ರ ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ.

ಮುಂಬೈನ ಕಾರ್ಟರ್ ರಸ್ತೆ, 2006ರ ನವೆಂಬರ್. ಕುಡಿದು ಕಾರು ಓಡಿಸುತ್ತಿದ್ದ ಯುವಕನೊಬ್ಬ ರಸ್ತೆ ಬದಿ ಮಲಗಿದ್ದ ಕೂಲಿಕಾರ್ಮಿಕರ ಮೇಲೆ ಹರಿಸಿದ. 7 ಮಂದಿ ಸತ್ತರು, 8 ಮಂದಿ ಗಾಯಗೊಂಡರು. ಕೆಳ ನ್ಯಾಯಾಲಯ ಇದನ್ನು ನಿರ್ಲಕ್ಷ್ಯದ ಸಾವು ಎಂದು ನೋಡಿ 6 ತಿಂಗಳ ಸಜೆ ಕೊಟ್ಟಿತು. ಹೈಕೋರ್ಟ್ ಇದು ನರಹತ್ಯೆ ಎಂದು 3 ವರ್ಷಕ್ಕೆ ಏರಿಸಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 3 ವರ್ಷ ತೀರ ಕಡಿಮೆಯೇ, ಆದರೆ ಹೆಚ್ಚಿಸಿ ಎಂದು ಸರ್ಕಾರ ಮೇಲ್ಮನವಿ ಸಲ್ಲಿಸಿಲ್ಲವಾದ್ದರಿಂದ ಹಾಗೇ ಬಿಡುತ್ತಿದ್ದೇವೆ ಎಂಬ ಅರ್ಥದ ಮಾತನ್ನೂ ಸೇರಿಸಿತು.

ದೆಹಲಿ, 1999ರ ಜನವರಿ. ಬಿಎಂಡಬ್ಲ್ಯೂ ಪ್ರಕರಣವೆಂದೇ ಹೆಸರಾದ ಘಟನೆ. ಬೆಳಗಿನ ಜಾವ ಕಾರು ಹರಿದು, ಪೊಲೀಸರೂ ಸೇರಿ 6 ಮಂದಿ ಸತ್ತರು. ಕೆಳ ನ್ಯಾಯಾಲಯ 5 ವರ್ಷ ಕೊಟ್ಟಿತು. ಹೈಕೋರ್ಟ್ ಕಲಂ ಬದಲಿಸಿ 2 ವರ್ಷಕ್ಕೆ ಇಳಿಸಿತು. 2012ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಇದು ನರಹತ್ಯೆಯೇ ಎಂದು ಗಂಭೀರ ಕಲಂ ಅನ್ನು ಮರಳಿ ತಂದಿತು. ಆದರೆ ಶಿಕ್ಷೆಯನ್ನು ಮಾತ್ರ ಆಗಲೇ ಅನುಭವಿಸಿದ್ದ ಅವಧಿಗೆ ಸೀಮಿತಗೊಳಿಸಿ, 50 ಲಕ್ಷ ರೂಪಾಯಿ ಕಟ್ಟಬೇಕು, 2 ವರ್ಷ ಸಮುದಾಯ ಸೇವೆ ಮಾಡಬೇಕು ಎಂದಿತು. ಆ ಹಣ ಪರಿಹಾರ ಸಿಗದ ಅಪಘಾತ ಸಂತ್ರಸ್ತರಿಗಾಗಿ.

ಅದೇ ಕಲಂ, ಅದೇ ಸುಪ್ರೀಂ ಕೋರ್ಟ್, ಅದೇ ವರ್ಷ. ಇಬ್ಬರೂ ಯುವಕರು, ಇಬ್ಬರೂ ಅನುಕೂಲಸ್ಥರು. ಒಬ್ಬ 3 ವರ್ಷ ಪೂರೈಸಬೇಕಾಯಿತು, ಇನ್ನೊಬ್ಬ ಮತ್ತೆ ಜೈಲಿಗೆ ಹೋಗಲಿಲ್ಲ. ಎರಡೂ ತೀರ್ಪುಗಳಲ್ಲಿ ಕಾರಣಗಳಿವೆ, ಬೇರೆ ಬೇರೆಯಾಗಿ ಓದಿದರೆ ತಕ್ಕಮಟ್ಟಿಗೆ ಒಪ್ಪಿಗೆಯಾಗುತ್ತವೆ. ಒಟ್ಟಿಗೆ ಓದಿದಾಗ ಮಾತ್ರ ಪ್ರಶ್ನೆ ಏಳುತ್ತದೆ. 50 ಲಕ್ಷ ಕಟ್ಟಲಾಗದ ಲಾರಿ ಚಾಲಕನಿಗೆ ಇಂಥ ದಾರಿ ತೆರೆದಿರುತ್ತಿತ್ತೇ?

ಬೆಂಗಳೂರಿನ ಒಂದು ಮನೆ, ಹೊಸದೊಂದು ಶಿಕ್ಷೆ

ವಿವೇಚನೆಯ ಚರ್ಚೆಯಲ್ಲಿ ದೇಶವೆಲ್ಲ ಉಲ್ಲೇಖಿಸುವ ಒಂದು ತೀರ್ಪು ಹುಟ್ಟಿದ್ದು ನಮ್ಮ ಬೆಂಗಳೂರಿನ ಪ್ರಕರಣದಿಂದ. 1991ರಲ್ಲಿ ರಿಚ್ಮಂಡ್ ರಸ್ತೆಯ ಮನೆಯೊಂದರಲ್ಲಿ ಸ್ವಾಮಿ ಶ್ರದ್ಧಾನಂದ ಎಂದು ಕರೆಸಿಕೊಳ್ಳುತ್ತಿದ್ದವನು ಹೆಂಡತಿಗೆ ಮತ್ತು ಬರಿಸಿ, ಪೆಟ್ಟಿಗೆಯಲ್ಲಿಟ್ಟು, ಅಂಗಳದಲ್ಲಿ ಜೀವಂತ ಹೂತ. ಆಕೆ ಎಲ್ಲೋ ಹೋಗಿದ್ದಾಳೆ ಎಂದು ಮಕ್ಕಳನ್ನು ಮೂರು ವರ್ಷ ನಂಬಿಸಿದ. 1994ರಲ್ಲಿ ಶವ ಹೊರಬಂತು.

2005ರಲ್ಲಿ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿತು. ಕರ್ನಾಟಕ ಹೈಕೋರ್ಟ್ ಅದೇ ವರ್ಷ ದೃಢಪಡಿಸಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು ಎಂದರು, ಒಬ್ಬರು ಜೀವಾವಧಿ ಎಂದರು. ಪ್ರಕರಣ ಮೂವರ ಪೀಠಕ್ಕೆ ಹೋಯಿತು.

ಇಲ್ಲಿ ಇನ್ನೊಂದು ಜನಪ್ರಿಯ ತಪ್ಪು ಕಲ್ಪನೆಯನ್ನು ಬಿಡಿಸಬೇಕು. "ಜೀವಾವಧಿ ಎಂದರೆ 14 ವರ್ಷ" ಎಂದು ನಾವೆಲ್ಲ ಕೇಳಿದ್ದೇವೆ. ಕಾನೂನಿನಲ್ಲಿ ಜೀವಾವಧಿ ಎಂದರೆ ಜೀವ ಇರುವವರೆಗೆ. ಸುಪ್ರೀಂ ಕೋರ್ಟ್ ಇದನ್ನು 1961ರಲ್ಲೇ ಹೇಳಿತ್ತು. ಆದರೆ ಸರ್ಕಾರಕ್ಕೆ ಶಿಕ್ಷೆ ಕಡಿತಗೊಳಿಸಿ ಬಿಡುಗಡೆ ಮಾಡುವ ಅಧಿಕಾರವಿದೆ. ಮರಣದಂಡನೆ ಸಾಧ್ಯವಿದ್ದ ಅಪರಾಧಗಳಲ್ಲಿ ಕನಿಷ್ಠ 14 ವರ್ಷ ಕಳೆಯದೆ ಹಾಗೆ ಬಿಡುವಂತಿಲ್ಲ ಎಂದು 1978ರಲ್ಲಿ ನಿಯಮ ಬಂತು. ಬಿಡುಗಡೆಗೆ ಕನಿಷ್ಠ ಮಿತಿಯಾಗಿದ್ದ 14, ಜನರ ಬಾಯಲ್ಲಿ ಜೀವಾವಧಿಯ ಅರ್ಥವೇ ಆಯಿತು.

2008ರ ಮೂವರ ಪೀಠದ ಮುಂದಿದ್ದ ಇಕ್ಕಟ್ಟು ಇದೇ. ಒಂದು ಕಡೆ ಗಲ್ಲು, ಇನ್ನೊಂದು ಕಡೆ ವಾಸ್ತವದಲ್ಲಿ 14 ವರ್ಷದ ಆಸುಪಾಸಿನಲ್ಲಿ ಮುಗಿದುಹೋಗಬಹುದಾದ ಸಜೆ. ನಡುವೆ ಏನೂ ಇಲ್ಲ. ಎರಡೇ ಆಯ್ಕೆ ಇದ್ದರೆ, 14 ವರ್ಷ ಸಾಲದು ಎಂಬ ಒಂದೇ ಕಾರಣಕ್ಕೆ ನ್ಯಾಯಾಧೀಶರು ಗಲ್ಲಿನ ಕಡೆ ಜಾರುವ ಅಪಾಯವಿದೆ ಎಂದು ಪೀಠ ಗುರುತಿಸಿತು. ಗಲ್ಲನ್ನು ತಪ್ಪಿಸಿ, ಸಾಯುವವರೆಗೆ ಬಿಡುಗಡೆಯಿಲ್ಲದ ಜೀವಾವಧಿ ವಿಧಿಸಿತು. ಅದಕ್ಕಿಂತ ಗಮನಾರ್ಹವಾದುದು ಅದೇ ತೀರ್ಪಿನಲ್ಲಿರುವ ತಪ್ಪೊಪ್ಪಿಗೆ: ಮರಣದಂಡನೆ ಉಳಿಯುವುದೋ ಇಳಿಯುವುದೋ ಎಂಬುದು ಪೀಠದಲ್ಲಿರುವ ನ್ಯಾಯಮೂರ್ತಿಗಳ ವೈಯಕ್ತಿಕ ಒಲವನ್ನು ಬಹುಮಟ್ಟಿಗೆ ಅವಲಂಬಿಸಿದೆ ಎಂದು ಸುಪ್ರೀಂ ಕೋರ್ಟೇ ಬರೆಯಿತು.

ಈ ನಡುದಾರಿಯನ್ನು 2015ರಲ್ಲಿ ಸಂವಿಧಾನ ಪೀಠ 3:2 ಬಹುಮತದಿಂದ ಒಪ್ಪಿತು. ಆದರೆ ಇಂಥ ಶಿಕ್ಷೆ ವಿಧಿಸುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ, ಸೆಷನ್ಸ್ ನ್ಯಾಯಾಲಯಕ್ಕಿಲ್ಲ ಎಂದಿತು. ಅದರ ಪರಿಣಾಮ ಮತ್ತೊಂದು ಬೆಂಗಳೂರು ಪ್ರಕರಣದಲ್ಲಿ ಕಂಡಿತು. 2005ರಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಮಹಿಳಾ ಉದ್ಯೋಗಿಯ ಮೇಲೆ ಅತ್ಯಾಚಾರ ಮಾಡಿ ಕೊಂದ ಕ್ಯಾಬ್ ಚಾಲಕನಿಗೆ ವಿಚಾರಣಾ ನ್ಯಾಯಾಲಯ ಬದುಕಿರುವವರೆಗಿನ ಸಜೆ ಕೊಟ್ಟಿತ್ತು. ಹಾಗೆ ಕೊಡುವ ಅಧಿಕಾರ ಆ ನ್ಯಾಯಾಲಯಕ್ಕಿಲ್ಲ ಎಂದ ಸುಪ್ರೀಂ ಕೋರ್ಟ್, ಗಲ್ಲಿನ ಪ್ರಶ್ನೆ ಇಲ್ಲದ ಪ್ರಕರಣದಲ್ಲೂ ತಾನು ಅವಧಿ ನಿಗದಿಪಡಿಸಬಹುದು ಎಂದು ಹೇಳಿ 2023ರಲ್ಲಿ 30 ವರ್ಷದ ಕಡಿತವಿಲ್ಲದ ಸಜೆ ವಿಧಿಸಿತು.

ಮೂವರು, ಒಂದೇ ಅಪರಾಧ

ವಿವೇಚನೆ ತಪ್ಪಿದಾಗ ಏನಾಗಬಹುದು ಎಂಬುದಕ್ಕೆ ಹರ್ಬನ್ಸ್ ಸಿಂಗ್ ಪ್ರಕರಣಕ್ಕಿಂತ ಕಠೋರ ಉದಾಹರಣೆ ಇಲ್ಲ. ಉತ್ತರ ಪ್ರದೇಶದಲ್ಲಿ ಒಂದೇ ಕುಟುಂಬದ ನಾಲ್ವರನ್ನು ಕೊಂದದ್ದಕ್ಕೆ 1975ರಲ್ಲಿ ಮೂವರಿಗೆ ಗಲ್ಲು ಶಿಕ್ಷೆಯಾಯಿತು. ಮೂವರ ಪಾತ್ರವೂ ಒಂದೇ. ಹೈಕೋರ್ಟ್ ಮೂವರ ಶಿಕ್ಷೆಯನ್ನೂ ದೃಢಪಡಿಸಿತು. ಆಮೇಲೆ ಮೂವರೂ ಬೇರೆ ಬೇರೆ ಸಮಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, ಬೇರೆ ಬೇರೆ ಪೀಠಗಳ ಮುಂದೆ.

ಒಬ್ಬನ ಅರ್ಜಿ 1976ರಲ್ಲಿ ವಜಾ ಆಯಿತು. ಇನ್ನೊಬ್ಬನ ಶಿಕ್ಷೆ 1977ರಲ್ಲಿ ಜೀವಾವಧಿಗೆ ಇಳಿಯಿತು. ಮೂರನೆಯವನಾದ ಹರ್ಬನ್ಸ್ ಸಿಂಗ್‌ನ ಅರ್ಜಿ 1978ರಲ್ಲೂ, ಪುನರ್‌ಪರಿಶೀಲನಾ ಅರ್ಜಿ 1980ರಲ್ಲೂ ವಜಾ ಆದವು. ಜೊತೆಗಾರನ ಗಲ್ಲು ಆಗಲೇ ತಪ್ಪಿದೆ ಎಂಬುದು ಆ ಪೀಠದ ಗಮನಕ್ಕೇ ಬರಲಿಲ್ಲ. 1981ರ ಅಕ್ಟೋಬರ್ 6ರಂದು ಮೊದಲನೆಯವನನ್ನು ಗಲ್ಲಿಗೇರಿಸಲಾಯಿತು. ಹರ್ಬನ್ಸ್ ಸಿಂಗ್ ಮತ್ತೊಮ್ಮೆ ಅರ್ಜಿ ಹಾಕಿ ತಡೆಯಾಜ್ಞೆ ಪಡೆದದ್ದರಿಂದ ಉಳಿದ.

1982ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ಇಳಿಸುವಂತೆ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ಇನ್ನು ಮುಂದೆ ಸಹ ಆರೋಪಿಗಳಿಗೆ ಏನಾಗಿದೆ ಎಂಬುದನ್ನು ಕಚೇರಿ ಟಿಪ್ಪಣಿಯಲ್ಲಿ ಬರೆಯಬೇಕು, ಗಲ್ಲಿಗೇರಿಸುವ ಮುನ್ನ ಜೈಲು ಅಧಿಕಾರಿಗಳೂ ಅದನ್ನು ಪರಿಶೀಲಿಸಬೇಕು ಎಂದಿತು. ಹೋದ ಜೀವಕ್ಕೆ ಅದರಿಂದ ಏನೂ ಆಗಲಿಲ್ಲ. ಈ ಮೂವರ ನಡುವಿನ ವ್ಯತ್ಯಾಸ ಅಪರಾಧದಲ್ಲಿರಲಿಲ್ಲ, ಹಣದಲ್ಲೂ ಇರಲಿಲ್ಲ. ಯಾವ ದಿನ ಯಾವ ಪೀಠ ಸಿಕ್ಕಿತು ಎಂಬುದರಲ್ಲಿತ್ತು. ಅದೇ 1982ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ, "ಅಪರೂಪದಲ್ಲಿ ಅಪರೂಪ" ಎಂಬ ಸೂತ್ರ ಕೊಟ್ಟ 1980ರ ಬಚನ್ ಸಿಂಗ್ ತೀರ್ಪಿಗೆ ತಮ್ಮ ಭಿನ್ನಮತದ ಕಾರಣಗಳನ್ನು ಪ್ರಕಟಿಸಿದಾಗ ಎತ್ತಿದ ಮುಖ್ಯ ಆಕ್ಷೇಪವೂ ಇದೇ ಆಗಿತ್ತು.

ವಿಜ್ಞಾನ ಏನು ಹೇಳುತ್ತದೆ?

ನ್ಯಾಯಾಧೀಶರೂ ಮನುಷ್ಯರೇ. ಅವರ ತೀರ್ಮಾನಗಳ ಮೇಲೆ ಸಂಬಂಧವಿಲ್ಲದ ಸಂಗತಿಗಳು ಪ್ರಭಾವ ಬೀರುತ್ತವೆಯೇ ಎಂದು ಮನೋವಿಜ್ಞಾನಿಗಳು ಪರೀಕ್ಷಿಸಿದ್ದಾರೆ.

ಜರ್ಮನಿಯಲ್ಲಿ ಎಂಗ್ಲಿಷ್, ಮುಸ್‌ವೈಲರ್ ಮತ್ತು ಸ್ಟ್ರಾಕ್ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಕಾನೂನು ವೃತ್ತಿಯವರಿಗೆ ಅಂಗಡಿ ಕಳ್ಳತನದ ಒಂದೇ ಕಡತ ಕೊಟ್ಟರು. ಶಿಕ್ಷೆ ಹೇಳುವ ಮುನ್ನ ದಾಳ ಉರುಳಿಸಲು ಹೇಳಿದರು. ದಾಳಗಳು ಮೊದಲೇ ಸಿದ್ಧಪಡಿಸಿದವು, ಒಟ್ಟು 3 ಅಥವಾ 9 ಮಾತ್ರ ಬೀಳುತ್ತಿತ್ತು. 3 ಬಿದ್ದವರು ಸರಾಸರಿ ಸುಮಾರು 5 ತಿಂಗಳು, 9 ಬಿದ್ದವರು ಸುಮಾರು 8 ತಿಂಗಳು ಸಜೆ ಹೇಳಿದರು. ಮೊದಲು ಕಿವಿಗೆ ಬಿದ್ದ ಸಂಖ್ಯೆ ಲಂಗರಿನಂತೆ ಮನಸ್ಸನ್ನು ಹಿಡಿದಿಡುತ್ತದೆ. ಸಂತೆಯಲ್ಲಿ ವ್ಯಾಪಾರಿ ಮೊದಲು ಹೇಳಿದ ಬೆಲೆಯ ಸುತ್ತಲೇ ನಮ್ಮ ಚೌಕಾಸಿ ನಡೆಯುವುದಿಲ್ಲವೇ, ಹಾಗೆಯೇ. ಮೇಲ್ಮನವಿ ನ್ಯಾಯಾಲಯದ ಮುಂದೆ ಕೆಳಗಿನವರ ಸಂಖ್ಯೆ ಯಾವಾಗಲೂ ಇದ್ದೇ ಇರುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಇನ್ನೊಂದು ಅಧ್ಯಯನ ವಾಟ್ಸಾಪ್‌ನಲ್ಲೂ ಓಡಾಡುತ್ತದೆ: "ಹಸಿದ ನ್ಯಾಯಾಧೀಶರು ಕಠೋರರಾಗುತ್ತಾರೆ". 2011ರಲ್ಲಿ ಪ್ರಕಟವಾದ ಈ ಅಧ್ಯಯನ ಇಸ್ರೇಲಿನ ಪೆರೋಲ್ ಮಂಡಳಿಗಳ 1,112 ತೀರ್ಮಾನಗಳನ್ನು ನೋಡಿತು. ವಿರಾಮದ ನಂತರ ಶೇ 65ರಷ್ಟಿದ್ದ ಅನುಕೂಲಕರ ತೀರ್ಮಾನಗಳು ಮುಂದಿನ ವಿರಾಮದ ಹೊತ್ತಿಗೆ ಸೊನ್ನೆಯ ಹತ್ತಿರ ಇಳಿಯುತ್ತಿದ್ದವು. ಆದರೆ ಇದಕ್ಕೆ ಬಲವಾದ ಆಕ್ಷೇಪಗಳೂ ಬಂದವು. ಕಡತಗಳು ಬರುವ ಕ್ರಮ ಯಾದೃಚ್ಛಿಕವಾಗಿರಲಿಲ್ಲ. ವಕೀಲರಿಲ್ಲದ ಕೈದಿಗಳ ಸರದಿ ಹೆಚ್ಚಾಗಿ ವಿರಾಮಕ್ಕೆ ಮೊದಲು ಬರುತ್ತಿತ್ತು, ಅವರ ಅರ್ಜಿಗಳು ಹೇಗೂ ಹೆಚ್ಚು ತಿರಸ್ಕೃತವಾಗುತ್ತಿದ್ದವು. ಹಾಗಾಗಿ ಊಟವೇ ಕಾರಣ ಎಂದು ಖಚಿತವಾಗಿ ಹೇಳಲಾಗದು. ಮನಸ್ಸಿನ ವಾಲಿಕೆ ಇದೆ ಎಂಬುದು ನಿಜ, ಅದನ್ನು ಒಂದು ಹೊತ್ತಿನ ಊಟಕ್ಕೆ ಇಳಿಸುವುದು ತಪ್ಪು.

ಹಾಗಾದರೆ ದಾರಿ ಏನು?

ವಿವೇಚನೆಯನ್ನೇ ತೆಗೆದುಬಿಡೋಣ ಎಂಬುದು ಸುಲಭದ ಉತ್ತರ. ಆದರೆ ಆಗ ಹಾಲಿನ ಪುಡಿ ಕದ್ದವಳಿಗೂ ಜೇಬುಗಳ್ಳನಿಗೂ ಒಂದೇ ಸಜೆ. ವಿವೇಚನೆಯನ್ನು ಉಳಿಸಿಕೊಂಡು ಅದಕ್ಕೆ ದಾರಿದೀಪ ಹಾಕುವುದು ಇನ್ನೊಂದು ಉತ್ತರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2010ರಿಂದ ಶಿಕ್ಷಾ ಮಂಡಳಿಯೊಂದಿದೆ. ಹಾನಿ ಎಷ್ಟು, ತಪ್ಪಿನ ಹೊಣೆ ಎಷ್ಟು ಎಂದು ಹಂತಹಂತವಾಗಿ ನೋಡಿ, ಯಾವ ಸಂಖ್ಯೆಯಿಂದ ಶುರುಮಾಡಬೇಕು, ಯಾವ ಕಾರಣಕ್ಕೆ ಏರಿಸಬೇಕು ಅಥವಾ ಇಳಿಸಬೇಕು ಎಂಬ ಮಾರ್ಗಸೂಚಿಗಳನ್ನು ಅದು ಪ್ರಕಟಿಸುತ್ತದೆ. ನ್ಯಾಯಾಧೀಶರು ಅದರಿಂದ ಆಚೆ ಹೋಗಬಹುದು, ಆದರೆ ಯಾಕೆಂದು ಹೇಳಬೇಕು. ಆಗ ಮೇಲ್ಮನವಿ ನ್ಯಾಯಾಲಯಕ್ಕೂ ತಪ್ಪನ್ನು ಅಳೆಯಲು ಒಂದು ಅಳತೆಗೋಲು ಸಿಗುತ್ತದೆ.

ನಮ್ಮಲ್ಲಿ ಇಂಥದ್ದೊಂದು ಬೇಕೆಂದು 2003ರಲ್ಲೇ ಹೇಳಿದ ಸಮಿತಿಯ ಅಧ್ಯಕ್ಷರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ. ಶಿಕ್ಷೆಯ ಮಾರ್ಗಸೂಚಿ ರೂಪಿಸಲು ಶಾಸನಬದ್ಧ ಸಮಿತಿ ಇರಲಿ ಎಂದು ಅವರ ವರದಿ ಶಿಫಾರಸು ಮಾಡಿತು. ಮುಂದೆ ಮಾಧವ ಮೆನನ್ ಸಮಿತಿಯೂ ಅದನ್ನೇ ಹೇಳಿತು. 2012ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ನಮ್ಮ ಅಪರಾಧ ನ್ಯಾಯ ವ್ಯವಸ್ಥೆಯ ಅತಿ ದುರ್ಬಲ ಭಾಗವೇ ಶಿಕ್ಷೆ ನೀಡುವ ಕೆಲಸ ಎಂದಿತು. 2024ರಲ್ಲಿ ಸಂಹಿತೆಗಳೆಲ್ಲ ಹೊಸದಾದವು, ಮಾರ್ಗಸೂಚಿ ಮಾತ್ರ ಅವುಗಳ ಜೊತೆ ಬರಲಿಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಅಳತೆಗೋಲು ಒಂದೇ, ತೀರ್ಪಿನಲ್ಲಿ ಬರೆದ ಕಾರಣ. ಮುಂದಿನ ಸಲ "ಶಿಕ್ಷೆ ಇಳಿಸಿದ ಹೈಕೋರ್ಟ್" ಎಂಬ ತಲೆಬರಹ ಕಂಡಾಗ ನಾವು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಮೇಲ್ಮನವಿ ಸಲ್ಲಿಸಿದವರು ಯಾರು? ಬದಲಾದದ್ದು ಅಪರಾಧದ ಕಲಂ ಮಾತ್ರವೇ, ಶಿಕ್ಷೆಯ ಪ್ರಮಾಣವೇ? ಆ ಕಲಂಗೆ ಕನಿಷ್ಠ ಮತ್ತು ಗರಿಷ್ಠ ಎಷ್ಟು? ಕೆಳಗಿನವರು ಬಿಟ್ಟ ಯಾವ ಅಂಶವನ್ನು ಮೇಲಿನವರು ಹಿಡಿದರು? ಜೊತೆಗಿದ್ದವರಿಗೆ ಎಷ್ಟಾಯಿತು? ಇವುಗಳಿಗೆ ತೀರ್ಪಿನಲ್ಲಿ ಉತ್ತರವಿದ್ದರೆ, ನಮಗೆ ಇಷ್ಟವಾಗದಿದ್ದರೂ ಅದು ವಿವೇಚನೆ. ಉತ್ತರವಿಲ್ಲದಿದ್ದರೆ ಆ ಶಿಕ್ಷೆಗೂ ದಾಳ ಉರುಳಿಸಿ ಹೇಳಿದ ಶಿಕ್ಷೆಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ.